ಹಳೇ ಹಾರ್ಡ್ ಡಿಸ್ಕ್, ಹೊಸ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮನೆಗಳ, ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಅಲ್ಲಿಂದ ಈಚೆಗೆ ಫೋನಿನಲ್ಲಿ, ಅಂಗಡಿ ಬಾಗಿಲಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಒಂದೇ ವಿಷಯ: ಹೊಸ ಕಂಪ್ಯೂಟರ್ ಬಂದಿದೆ, ಹಳೇದರಲ್ಲಿ ಇರುವುದನ್ನು ಹೇಗೆ ತರುವುದು? ಜಾಸ್ತಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಸ್ಕ್ರೂ ಬಿಚ್ಚುವ ಮೊದಲು

ಸರ್, ಹಳೇ ಡಿಸ್ಕ್ ತೆಗೆದು ಹೊಸದಕ್ಕೆ ಹಾಕಿದ್ರೆ ಆಯ್ತು ತಾನೇ?

ಬಹಳ ಸಲ ಆಗುತ್ತದೆ. ಡೇಟಾ ಇರುವುದು ಡಿಸ್ಕಿನಲ್ಲಿ, ಕಂಪ್ಯೂಟರ್ ಬದಲಾದರೆ ಅದೇನೂ ಅಳಿಯುವುದಿಲ್ಲ. ಆದರೆ ಡಿಸ್ಕ್ ನಿಮ್ಮ ಕೈಯಲ್ಲಿರುವ ಆ ಅರ್ಧ ಗಂಟೆ ಇದೆಯಲ್ಲ, ಆಗ ನಿಮ್ಮ ಹತ್ತು ವರ್ಷದ ಫೋಟೋ, ಲೆಕ್ಕಪತ್ರ ಎಲ್ಲ ಆ ಒಂದೇ ಡಬ್ಬಿಯಲ್ಲಿ ಇರುತ್ತದೆ. ಕೈಜಾರಿದರೆ ಅಲ್ಲಿಗೆ ಮುಗಿಯಿತು.

ಅದಕ್ಕೇ ಕೆಲಸದ ಕ್ರಮ ತಿರುಗಿಸಿ. ಹಳೇ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದೆ ಅಂದರೆ ಮೊದಲು ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಎಲ್ಲ ಕಾಪಿ ಮಾಡಿ. ಕಾಪಿಯನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಆಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ. ನಿಜ ಹೇಳಬೇಕೆಂದರೆ, ಕಾಪಿ ಸರಿಯಾಗಿ ಬಂದ ಮೇಲೆ ಅರ್ಧ ಜನರಿಗೆ ಡಿಸ್ಕ್ ಬಿಚ್ಚುವ ಅಗತ್ಯವೇ ಉಳಿಯುವುದಿಲ್ಲ.

ಡಾಕ್ಯುಮೆಂಟ್ಸ್ ಫೋಲ್ಡರ್ ಕಾಪಿ ಮಾಡ್ಕೊಂಡ್ರೆ ಸಾಕಲ್ವಾ?

ಸಾಲದು. ಡೆಸ್ಕ್‌ಟಾಪ್ ಮೇಲೆ ಚೆಲ್ಲಿರುವ ಫೈಲುಗಳು, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ನಿಮ್ಮ ಹೆಸರಿನಡಿ ಇರುತ್ತವೆ. ಆ ಹೆಸರಿನ ಫೋಲ್ಡರನ್ನೇ ಇಡಿಯಾಗಿ ತೆಗೆದುಕೊಳ್ಳಿ. ಅದರೊಳಗೆ ಆಪ್‌ಡೇಟಾ ಅಂತ ಕಣ್ಣಿಗೆ ಕಾಣದ ಫೋಲ್ಡರ್ ಒಂದಿದೆ, ಕೆಲವು ಸಾಫ್ಟ್‌ವೇರ್‌ಗಳು ತಮ್ಮ ಸೆಟ್ಟಿಂಗ್ ಅಲ್ಲೇ ಇಡುತ್ತವೆ. ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದರೆ ಕಾಣುತ್ತದೆ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಒನ್‌ಡ್ರೈವ್. ಫೈಲಿನ ಪಕ್ಕ ಮೋಡದ ಚಿಹ್ನೆ ಇದ್ದರೆ ಆ ಫೈಲ್ ನಿಮ್ಮ ಡಿಸ್ಕಿನಲ್ಲಿ ಇಲ್ಲ, ಬರೀ ಹೆಸರಿದೆ. ಡಿಸ್ಕ್ ತೆಗೆದುಕೊಂಡು ಹೋದರೆ ಆ ಹೆಸರೇ ಬರುವುದು. ರೈಟ್ ಕ್ಲಿಕ್ ಮಾಡಿ ಈ ಡಿವೈಸ್‌ನಲ್ಲೇ ಯಾವಾಗಲೂ ಇಡು ಅನ್ನುವ ಆಯ್ಕೆ ಕೊಟ್ಟು ಮೊದಲು ಇಳಿಸಿಕೊಳ್ಳಿ. ಎರಡು, ಕ್ರೋಮ್‌ನ ಪಾಸ್‌ವರ್ಡುಗಳು. ಅವು ಹಳೇ ವಿಂಡೋಸ್ ಅಕೌಂಟಿಗೆ ಗಂಟು ಹಾಕಿಕೊಂಡಿರುತ್ತವೆ. ಫೋಲ್ಡರ್ ಕಾಪಿ ಮಾಡಿದರೆ ಬುಕ್‌ಮಾರ್ಕ್ ಬಂದೀತು, ಪಾಸ್‌ವರ್ಡ್ ಬರುವುದಿಲ್ಲ. ಹಳೇ ಕಂಪ್ಯೂಟರ್ ಜೀವಂತ ಇರುವಾಗಲೇ ಗೂಗಲ್ ಅಕೌಂಟಿಗೆ ಸಿಂಕ್ ಮಾಡಿಕೊಳ್ಳಿ.

500 ಜಿಬಿ ಫೋಟೋ ಇದೆ. ಎಷ್ಟು ಹೊತ್ತು ಹಿಡಿಯುತ್ತೆ?

ಯಾವ ಪೋರ್ಟಿಗೆ ಚುಚ್ಚುತ್ತೀರಿ ಅನ್ನುವುದರ ಮೇಲಿದೆ. ಹಳೇ ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ ಸುಮಾರು 30ರಿಂದ 35 ಎಂಬಿ ಹೋಗುತ್ತದೆ. ಅಂದರೆ ನಾಲ್ಕು ಗಂಟೆಗೂ ಜಾಸ್ತಿ. ಯುಎಸ್‌ಬಿ 3ರಲ್ಲಿ ಸಾಮಾನ್ಯ ಹಾರ್ಡ್ ಡಿಸ್ಕ್ 100 ಎಂಬಿ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ನೀಲಿ ನಾಲಿಗೆಯ ಪೋರ್ಟ್ ಹುಡುಕಿ. ಸಣ್ಣ ಸಣ್ಣ ಫೈಲುಗಳು ಲಕ್ಷಗಟ್ಟಲೆ ಇದ್ದರೆ ಈ ಲೆಕ್ಕ ನಂಬಬೇಡಿ, ಆಮೆಗತಿಯಲ್ಲಿ ಸಾಗುತ್ತದೆ.

ಲ್ಯಾಪ್‌ಟಾಪ್ ನಿದ್ದೆಗೆ ಜಾರದ ಹಾಗೆ ಸೆಟ್ಟಿಂಗ್ ಬದಲಿಸಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಮಳೆಗಾಲದ ಸಂಜೆ ನಾಲ್ಕು ಗಂಟೆಗೆ ಕಾಪಿ ಶುರು ಮಾಡುವ ಧೈರ್ಯ ನನಗಂತೂ ಇಲ್ಲ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೊಂದುತ್ತದಾ ನೋಡಿ. ಸುಮ್ನೆ ಅಲ್ಲೊಂದು ಇಲ್ಲೊಂದು ಫೋಟೋ, ಒಂದು ವಿಡಿಯೋ ತೆರೆದೂ ನೋಡಿ.

ಬರೀ ಮದುವೆ ವಿಡಿಯೋ ಮಾತ್ರ ಪೆನ್ ಡ್ರೈವ್‌ಗೆ ಹೋಗ್ತಿಲ್ಲ. ಜಾಗ ಇದೆಯಲ್ಲ?

ನಿಮ್ಮ ಪೆನ್ ಡ್ರೈವ್ ಬಹುಶಃ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟಿನಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ, ಎಷ್ಟೇ ಜಾಗ ಇದ್ದರೂ ಅಷ್ಟೇ. ಪೆನ್ ಡ್ರೈವ್ ಖಾಲಿ ಮಾಡಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ವಿಂಡೋಸ್, ಮ್ಯಾಕ್ ಎರಡೂ ಅದನ್ನು ಓದಿ ಬರೆಯುತ್ತವೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಆದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ.

ಬಿಟ್‌ಲಾಕರ್ ಕೀ ಕೇಳುತ್ತೆ ಅಂತ ಹೆದರಿಸ್ತಾರೆ. ನಾನು ಅದನ್ನ ಯಾವತ್ತೂ ಆನ್ ಮಾಡೇ ಇಲ್ಲ.

ನೀವು ಮಾಡಿಲ್ಲ, ನಿಜ. ಅದು ತಾನೇ ಮಾಡಿಕೊಂಡಿರಬಹುದು. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಮೊದಲ ಸಲ ಒಳಗೆ ಹೋದಾಗಲೇ ಡಿಸ್ಕಿಗೆ ಬಿಟ್‌ಲಾಕರ್ ಅನ್ನುವ ಬೀಗ ಬಿದ್ದಿರುತ್ತದೆ. ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಚಿಪ್ಪಿನ ಬಳಿ ಇರುವುದರಿಂದ ದಿನಾ ಬಳಸುವಾಗ ಗೊತ್ತೇ ಆಗುವುದಿಲ್ಲ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದ ತಕ್ಷಣ ಆ ಚಿಪ್ ಇಲ್ಲ. ಆಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ.

ಡಿಸ್ಕ್ ಬಿಚ್ಚುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ 11 ಆದರೆ ಪ್ರೈವೆಸಿ ಆಂಡ್ ಸೆಕ್ಯುರಿಟಿ, ವಿಂಡೋಸ್ 10 ಆದರೆ ಅಪ್‌ಡೇಟ್ ಆಂಡ್ ಸೆಕ್ಯುರಿಟಿ, ಅದರಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ನೋಡಿ. ಆನ್ ಇದ್ದರೆ ಆಫ್ ಮಾಡಿ, ಬೀಗ ಪೂರ್ತಿ ತೆರೆಯುವ ತನಕ ಕಾಯಿರಿ. ಕೆಲವು ಸಲ ಗಂಟೆಗಳೇ ಹಿಡಿಯುತ್ತವೆ. ಬೇಡ ಅಂದರೆ ಮೈಕ್ರೋಸಾಫ್ಟ್ ಅಕೌಂಟಿನ ಪುಟಕ್ಕೆ ಹೋಗಿ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿಟ್ಟವರನ್ನು ನೋಡಿದ್ದೇನೆ. ಕೀ ಇಲ್ಲದ ಬಿಟ್‌ಲಾಕರ್ ಡಿಸ್ಕನ್ನು ದುಡ್ಡು ಕೊಟ್ಟರೆ ತೆರೆದುಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಅವರಿಂದಲೂ ಆಗುವುದಿಲ್ಲ.

## ಬಿಚ್ಚುವಾಗ, ಜೋಡಿಸುವಾಗ

ನನ್ನ ಡಿಸ್ಕ್ ಯಾವ ಥರದ್ದು ಅಂತ ಹೇಗೆ ಗೊತ್ತಾಗುತ್ತೆ?

ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಇಟ್ಟಿಗೆಯ ಹಾಗೆ ಭಾರ ಇದ್ದರೆ ಡೆಸ್ಕ್‌ಟಾಪಿನ 3.5 ಇಂಚಿನದು. ಅಂಗೈಯಗಲ, ತೆಳ್ಳಗೆ ಇದ್ದರೆ 2.5 ಇಂಚು. ಎರಡಕ್ಕೂ ಸಾಮಾನ್ಯವಾಗಿ ಸಾಟಾ ಕನೆಕ್ಟರ್: ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಮಡಚಿದ ಎರಡು ಸೀಳು, ಒಂದು ಡೇಟಾಗೆ, ಅಗಲದ್ದು ಪವರ್‌ಗೆ. ಕನೆಕ್ಟರಿನಲ್ಲಿ ಎರಡು ಸಾಲು ಸೂಜಿ ಎದ್ದು ನಿಂತಿದ್ದರೆ ಅದು ಹಳೇ ಐಡಿಇ. ಹೊಸ ಮದರ್‌ಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲ, ಅಡಾಪ್ಟರ್ ಬೇಕು.

ಚ್ಯೂಯಿಂಗ್ ಗಮ್ ಪಟ್ಟಿಯ ಹಾಗೆ ಇದ್ದರೆ ಎಂ.2. ಮೇಲೆ 2280 ಅಂತ ಇದ್ದರೆ 22 ಮಿಲಿಮೀಟರ್ ಅಗಲ, 80 ಉದ್ದ. ಗೊಂದಲ ಇರುವುದು ಇಲ್ಲಿಯೇ. ನೋಡಲು ಹೆಚ್ಚೂಕಡಿಮೆ ಒಂದೇ ಥರ ಇದ್ದರೂ ಒಳಗೆ ಸಾಟಾ ಆಗಿರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇ ಆಗಿರಬಹುದು. ಹೊಸ ಕಂಪ್ಯೂಟರಿನ ಎಷ್ಟೋ ಸ್ಲಾಟುಗಳು ಎನ್‌ವಿಎಂಇ ಮಾತ್ರ ತಗೊಳ್ಳುತ್ತವೆ. ಹಳೇ ಸಾಟಾ ಎಂ.2 ಅದರಲ್ಲಿ ಕೂರುತ್ತದೆ, ಆದರೆ ಕಾಣುವುದಿಲ್ಲ. ಸ್ಟಿಕರ್ ಓದಿ, ಮದರ್‌ಬೋರ್ಡಿನ ಕೈಪಿಡಿ ಓದಿ.

ಎಸ್.ಪಿ. ರಸ್ತೆಗೆ ಹೋದ್ರೆ ಅಂಗಡಿಯಲ್ಲಿ ಏನಂತ ಕೇಳಬೇಕು?

ಟೌನ್‌ಹಾಲ್ ಹತ್ತಿರದ ಎಸ್.ಪಿ. ರಸ್ತೆಯಲ್ಲಿ ಸಿಗದ ಕೇಬಲ್ ಇಲ್ಲ. ಆದರೆ ಬರೀ ಹಾರ್ಡ್ ಡಿಸ್ಕ್ ಕೇಬಲ್ ಕೊಡಿ ಅಂದರೆ ಅವರಿಗೂ ಕಷ್ಟ. ಡಿಸ್ಕಿನ ಎರಡೂ ಬದಿಯ ಫೋಟೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಡಿಸ್ಕನ್ನೇ ಚೀಲದಲ್ಲಿ ಹಾಕಿಕೊಂಡು ಆ ಜನಜಂಗುಳಿಯಲ್ಲಿ ಓಡಾಡಬೇಡಿ.

2.5 ಇಂಚಿನದಕ್ಕೆ ಸಾಟಾದಿಂದ ಯುಎಸ್‌ಬಿ 3 ಕೇಬಲ್ ಸಾಕು, ಕರೆಂಟ್ ಯುಎಸ್‌ಬಿಯಿಂದಲೇ ಸಿಗುತ್ತದೆ. 3.5 ಇಂಚಿನದಕ್ಕೆ 12 ವೋಲ್ಟಿನ ಬೇರೆ ಅಡಾಪ್ಟರ್ ಇರುವುದನ್ನೇ ಕೇಳಿ, ಇಲ್ಲದಿದ್ದರೆ ಅದು ತಿರುಗುವುದೇ ಇಲ್ಲ. ಎಂ.2ಗೆ ಯುಎಸ್‌ಬಿ ಕೇಸ್ ಕೇಳುವಾಗ ಎನ್‌ವಿಎಂಇಯಾ ಸಾಟಾನಾ ಹೇಳಿ.

ಇನ್ನೊಂದು ಮಾತು. ಎಂ.2 ಹಿಡಿದಿಡುವ ಸ್ಕ್ರೂ ಸಾಸಿವೆ ಕಾಳಿಗಿಂತ ಚೂರು ದೊಡ್ಡದು. ಡ್ರೈವ್ ಜೊತೆ ಬಹಳ ಸಲ ಬರುವುದೇ ಇಲ್ಲ. ಒಮ್ಮೆ ರಾತ್ರಿ ಒಂಬತ್ತಕ್ಕೆ ಅದು ನನ್ನ ಬೆರಳಿಂದ ಜಾರಿ ಮದರ್‌ಬೋರ್ಡಿನ ಕೆಳಗೆ ಹೋಯಿತು. ಅದನ್ನು ಹೊರಗೆ ತೆಗೆಯದೆ ಕರೆಂಟ್ ಕೊಡುವ ಹಾಗಿಲ್ಲ, ಎಲ್ಲಿ ಶಾರ್ಟ್ ಆಗುತ್ತದೋ. ಇಡೀ ಬೋರ್ಡ್ ಬಿಚ್ಚಿ, ಕ್ಯಾಬಿನೆಟ್ ತಲೆಕೆಳಗೆ ಮಾಡಿ ಅಲ್ಲಾಡಿಸಿ, ಹತ್ತೂವರೆಗೆ ಸಿಕ್ಕಿತು. ಅವತ್ತಿನಿಂದ ಒಂದು ಸ್ಟೀಲ್ ತಟ್ಟೆಯ ತಳಕ್ಕೆ ಮ್ಯಾಗ್ನೆಟ್ ಅಂಟಿಸಿ, ಬಿಚ್ಚಿದ ಸ್ಕ್ರೂ ಎಲ್ಲ ಅದರಲ್ಲೇ ಹಾಕುತ್ತೇನೆ. ಹಾರ್ಡ್ ಡಿಸ್ಕನ್ನು ಮಾತ್ರ ಆ ತಟ್ಟೆಯಿಂದ ದೂರವೇ ಇಡುತ್ತೇನೆ.

ಗಾಡಿಯಲ್ಲಿ ತಗೊಂಡು ಹೋದ್ರೆ ಗುಂಡಿಗೆ ಬಿದ್ದು ಹಾಳಾಗುತ್ತಾ?

ಆಫ್ ಆಗಿರುವ ಹಾರ್ಡ್ ಡಿಸ್ಕ್ ನಮ್ಮ ರಸ್ತೆಗಳನ್ನು ತಡೆದುಕೊಳ್ಳುತ್ತದೆ. ತಿರುಗುತ್ತಿರುವಾಗ ಕುಲುಕಿದರೆ ಮಾತ್ರ ಅಪಾಯ. ಆಂಟಿಸ್ಟ್ಯಾಟಿಕ್ ಕವರ್, ಅದರ ಮೇಲೆ ಟವೆಲ್, ಬೆನ್ನಿನ ಬ್ಯಾಗ್. ಡಿಕ್ಕಿಯಲ್ಲಿ ಬೇಡ.

ನನ್ನ ಮ್ಯಾಕ್‌ಬುಕ್ ಡಿಸ್ಕ್ ತೆಗೆಯೋಕೇ ಬರಲ್ಲ ಅಂತಾರೆ. ನಿಜಾನಾ?

2018ರಿಂದ ಈಚೆಗೆ ಬಂದ ಮ್ಯಾಕ್‌ಬುಕ್ ಏರ್, ಪ್ರೋಗಳಿಗೆ ನಿಜ. ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ, ಬೀಗದ ಕೈ ಅದೇ ಬೋರ್ಡಿನ ಟಿ2 ಚಿಪ್ಪಿನಲ್ಲೋ ಎಂ1 ಥರದ ಚಿಪ್ಪಿನಲ್ಲೋ ಇರುತ್ತದೆ. ಬೋರ್ಡ್ ಸುಟ್ಟರೆ ಡೇಟಾ ಕೂಡ ಹೋದ ಹಾಗೆಯೇ. ಕೆಲಸ ಮಾಡುತ್ತಿರುವಾಗಲೇ ಟೈಮ್ ಮಷೀನ್ ಬ್ಯಾಕಪ್ ತಗೊಳ್ಳಿ, ಹೊಸ ಮ್ಯಾಕ್‌ನಲ್ಲಿ ಮೈಗ್ರೇಷನ್ ಅಸಿಸ್ಟೆಂಟ್ ಓಡಿಸಿ.

## ಹಾಕಿದ ಮೇಲೆ ಬರುವ ತಕರಾರುಗಳು

ಅಣ್ಣಾ, "ಡಿಸ್ಕ್ ಬಳಸಬೇಕಾದ್ರೆ ಫಾರ್ಮ್ಯಾಟ್ ಮಾಡಿ" ಅಂತ ಬರ್ತಿದೆ. ಓಕೆ ಒತ್ಲಾ?

ಒತ್ತಬೇಡಿ. ಕೈ ಮೌಸ್‌ನಿಂದ ತೆಗೆಯಿರಿ. ಈ ಸಂದೇಶದ ಅರ್ಥ ಡಿಸ್ಕ್ ಖಾಲಿ ಅಂತಲ್ಲ. ಇದರಲ್ಲಿ ಏನಿದೆ ಅಂತ ನನಗೆ ಓದಲು ಬರುತ್ತಿಲ್ಲ ಅಂತ ವಿಂಡೋಸ್ ಹೇಳುತ್ತಿದೆ, ಅಷ್ಟೇ. ಉಬುಂಟುವಿನಲ್ಲಿ ಬಳಸಿದ ಡಿಸ್ಕ್, ಮ್ಯಾಕ್‌ನ ಡಿಸ್ಕ್, ಸಿಸಿಟಿವಿಯ ಡಿವಿಆರ್‌ನಿಂದ ತೆಗೆದ ಡಿಸ್ಕ್ ಆದರೆ ಹೀಗೆ ಕೇಳುವುದು ಸಹಜ. ಅವನ್ನು ಅದೇ ಥರದ ಸಿಸ್ಟಮಿನಲ್ಲಿ ತೆರೆಯಿರಿ. ಪೆನ್ ಡ್ರೈವಿನಿಂದ ಓಡುವ ಉಬುಂಟು ಒಂದು ಇಟ್ಟುಕೊಂಡರೆ ಲಿನಕ್ಸ್ ಡಿಸ್ಕ್, ವಿಂಡೋಸ್ ಡಿಸ್ಕ್ ಎರಡನ್ನೂ ಓದುತ್ತದೆ.

ನಿನ್ನೆವರೆಗೆ ವಿಂಡೋಸ್‌ನಲ್ಲೇ ಚೆನ್ನಾಗಿದ್ದ ಡಿಸ್ಕ್ ಹೀಗೆ ಕೇಳಿದರೆ ಮೊದಲು ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ. ಆಗಲೂ ಅದೇ ಆದರೆ ಡಿಸ್ಕಿಗೆ ಏನನ್ನೂ ಬರೆಯಬೇಡಿ, ಸ್ಕ್ಯಾನ್ ಆಂಡ್ ಫಿಕ್ಸ್ ಕೂಡ ಬೇಡ.

ಡಿಸ್ಕ್ ಹಾಕಿದೀನಿ, ದಿಸ್ ಪಿಸಿಯಲ್ಲಿ ಕಾಣ್ತಾನೇ ಇಲ್ಲ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಪಾರ್ಟಿಷನ್ ಇದೆ, ಅಕ್ಷರ ಮಾತ್ರ ಇಲ್ಲ ಅಂದರೆ ಒಂದು ಡ್ರೈವ್ ಲೆಟರ್ ಕೊಡಿ, ಬಂದುಬಿಡುತ್ತದೆ. ಆಫ್‌ಲೈನ್ ಅಂತಿದ್ದರೆ ಆನ್‌ಲೈನ್ ಮಾಡಿ. ಫಾರಿನ್ ಅಂತಿದ್ದರೆ ಅದು ಡೈನಮಿಕ್ ಡಿಸ್ಕ್, ಇಂಪೋರ್ಟ್ ಕೊಡಿ. ಇನಿಷಿಯಲೈಸ್ ಮಾಡಲಾ ಅಂತ ಕೇಳಿದರೆ ಮಾತ್ರ ಕ್ಯಾನ್ಸಲ್.

ಅಲ್ಲಿಯೂ ಇಲ್ಲ, ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬಯೋಸ್ ಸೆಟ್ಟಿಂಗ್‌ನಲ್ಲೂ ಇಲ್ಲ ಅಂದರೆ ತೊಂದರೆ ಬಹಳ ಸಲ ಕೇಬಲ್ ಅಥವಾ ಸ್ಲಾಟ್‌ನದು. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೋ ಎರಡೋ ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತದೆ. ಪಕ್ಕದ ಪೋರ್ಟಿಗೆ ಹಾಕಿ ನೋಡಿ.

ಹಳೇ ಫೋಲ್ಡರ್ ತೆರೆದ್ರೆ ಪರ್ಮಿಷನ್ ಇಲ್ಲ ಅಂತಿದೆ. ನನ್ನದೇ ಫೋಲ್ಡರ್ ರೀ!

ನಿಮ್ಮದೇ, ಆದರೆ ಹೊಸ ವಿಂಡೋಸ್‌ಗೆ ನೀವು ಹೊಸಬರು. ಹೆಸರು, ಪಾಸ್‌ವರ್ಡ್ ಒಂದೇ ಇದ್ದರೂ ಒಳಗಿನ ಗುರುತಿನ ಸಂಖ್ಯೆ ಬೇರೆ. ಅಡ್ಮಿನಿಸ್ಟ್ರೇಟರ್ ಅಕೌಂಟಿನಿಂದ ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. ಇಲ್ಲದಿದ್ದರೆ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಜಾಗದಲ್ಲಿ ನಿಮ್ಮ ಹೆಸರು ಹಾಕಿ. ಇಡೀ ಡ್ರೈವಿಗೆ ಹೀಗೆ ಮಾಡಬೇಡಿ, ಬೇಕಾದ ಫೋಲ್ಡರಿಗೆ ಮಾತ್ರ.

1 ಟಿಬಿ ಡಿಸ್ಕ್ 931 ಜಿಬಿ ತೋರಿಸ್ತಿದೆ. ಮಿಕ್ಕಿದ್ದು ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ಕನ್ನಡ ಫೈಲುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗಿಬಿಟ್ಟಿವೆ. ವೈರಸ್ ತಿಂದಿದೆಯಾ?

ಇದನ್ನು ಕೇಳಿದ್ದು ನಿವೃತ್ತ ಮೇಷ್ಟ್ರು ಒಬ್ಬರು. ತಮ್ಮ ಊರಿನ ಬಗ್ಗೆ ಬರೆದ ಮುನ್ನೂರು ಪುಟ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬಾಲ ಕೊಂಬು ಹಚ್ಚಿದ ಇಂಗ್ಲಿಷ್ ಅಕ್ಷರಗಳ ರಾಶಿ. ಅವರು ಆಗಲೇ ಮೊದಲ ಅಧ್ಯಾಯ ಮತ್ತೆ ಟೈಪ್ ಮಾಡಲು ಕೂತಿದ್ದರು. ನಿಲ್ಲಿಸಿ ಮೇಷ್ಟ್ರೇ ಅಂದೆ.

ಫೈಲಿಗೆ ಏನೂ ಆಗಿಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟುಗಳು ಯೂನಿಕೋಡ್ ಅಲ್ಲ. ಕಂಪ್ಯೂಟರಿನ ಮಟ್ಟಿಗೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಕನ್ನಡದ ರೂಪ ತೊಡಿಸುತ್ತಿದ್ದುದು ಫಾಂಟ್. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಬಟ್ಟೆ ಕಳಚಿದೆ. ವಿಂಡೋಸ್‌ನ ತುಂಗಾ ಯೂನಿಕೋಡ್ ಫಾಂಟ್, ಅದರಿಂದ ಇಲ್ಲಿ ಉಪಯೋಗವಿಲ್ಲ.

ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅಂತಿದೆ. ಅಲ್ಲಿಂದ ನುಡಿಯ ಫಾಂಟುಗಳನ್ನು ಹೊಸದಕ್ಕೆ ಹಾಕಿದೆ. ವರ್ಡ್ ಮುಚ್ಚಿ ತೆರೆದರೆ ಮುನ್ನೂರು ಪುಟವೂ ಎದ್ದು ಕೂತಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಪುಟ 114ರಲ್ಲಿ ಒಂದು ಕಾಗುಣಿತ ತಪ್ಪಿತ್ತು, ಅದೂ ಹಾಗೇ ಬಂದಿದೆ" ಅಂದರು.

ಫಾಂಟ್ ಹಾಕಿದ ಮೇಲೆ ಅಲ್ಲಿಗೇ ಬಿಡಬೇಡಿ. ಯೂನಿಕೋಡ್‌ಗೆ ಪರಿವರ್ತಿಸಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಅದಕ್ಕೆ ಪರಿವರ್ತಕಗಳು ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಎಡವುತ್ತವೆ, ಒಮ್ಮೆ ಓದಿ ನೋಡಿ. ಮೂಲ ಫೈಲ್ ಅಳಿಸಬೇಡಿ.

ಟ್ಯಾಲಿ ಡೇಟಾ ಹೇಗೆ ತರೋದು?

ಕಂಪನಿ ಡೇಟಾ ಇರುವುದು ಅಂಕಿಯ ಹೆಸರಿನ ಫೋಲ್ಡರುಗಳಲ್ಲಿ, 10000 ಅನ್ನುವ ಥರ. ಡೇಟಾ ಪಾತ್ ಎಲ್ಲಿದೆ ಅಂತ ಟ್ಯಾಲಿಯೊಳಗೇ ನೋಡಿ, ಇಡೀ ಡೇಟಾ ಫೋಲ್ಡರ್ ಕಾಪಿ ಮಾಡಿ. ಜೊತೆಗೆ ಟ್ಯಾಲಿಯ ಬ್ಯಾಕಪ್ ಕೂಡ ತಗೊಳ್ಳಿ. ಮರೆಯಬಾರದ್ದು ಲೈಸೆನ್ಸ್: ಹಳೇ ಕಂಪ್ಯೂಟರ್ ಓಡುತ್ತಿರುವಾಗಲೇ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಅದರ ಡ್ರೈವರ್ ಕೂಡ ಹೊಸದಾಗಿ ಹಾಕಬೇಕು.

## ಸ್ವಲ್ಪ ಆಳಕ್ಕೆ ಇಳಿದರೆ

ಹಳೇ ವಿಂಡೋಸ್ ಸಮೇತ ಹೊಸ ಕಂಪ್ಯೂಟರ್‌ನಲ್ಲಿ ಬೂಟ್ ಮಾಡಬಹುದಾ?

ವಿಂಡೋಸ್ 10, 11 ಹೊಸ ಹಾರ್ಡ್‌ವೇರಿಗೆ ಹೊಂದಿಕೊಳ್ಳುವ ಪ್ರಯತ್ನ ಮಾಡುತ್ತವೆ, ಎಷ್ಟೋ ಸಲ ಗೆಲ್ಲುತ್ತವೆ ಕೂಡ. ಆದರೂ ನಾನು ಮಾಡುವುದಿಲ್ಲ. ಹಳೇ ಡಿಸ್ಕ್ ಎಂಬಿಆರ್ ಅನ್ನುವ ಹಳೇ ರೀತಿಯದಾಗಿದ್ದರೆ, ಬಯೋಸ್‌ನ ಹೊಸ ರೂಪವಾದ ಯುಇಎಫ್‌ಐ ಮಾತ್ರ ಇರುವ ಹೊಸ ಕಂಪ್ಯೂಟರ್ ಅದರಿಂದ ಬೂಟ್ ಆಗುವುದಿಲ್ಲ. ಬಯೋಸ್‌ನಲ್ಲಿ ರೇಡ್ ಅಥವಾ ವಿಎಂಡಿ ಅನ್ನುವ ಡಿಸ್ಕ್ ಸೆಟ್ಟಿಂಗ್ ಆನ್ ಇದ್ದರೆ ನೀಲಿ ಪರದೆ ಬರಬಹುದು. ಹಳೇ ಲ್ಯಾಪ್‌ಟಾಪ್ ಜೊತೆ ಬಂದ ಓಇಎಂ ಲೈಸೆನ್ಸ್ ಹೊಸದಕ್ಕೆ ವರ್ಗ ಆಗುವುದಿಲ್ಲ. ಹೊಸ ಡ್ರೈವಿನಲ್ಲಿ ಹೊಸ ವಿಂಡೋಸ್, ಹಳೇ ಡಿಸ್ಕ್ ಎರಡನೇ ಡ್ರೈವ್. ಹೊಸ ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನ ಕೇಬಲ್ ಕಳಚಿಟ್ಟಿರಿ, ತಪ್ಪಿ ಅದರ ಮೇಲೇ ಹಾಕುವ ಭಯ ಇರುವುದಿಲ್ಲ.

ಕ್ಲೋನ್ ಮಾಡೋದು ಸುಲಭ ಅಂತಾರಲ್ಲ?

ಸುಲಭ, ಅದೇ ಭಯ. ಶುರುವಿನ ದಿನಗಳಲ್ಲಿ ನಾನು ನನ್ನದೇ ಡಿಸ್ಕನ್ನು ಕ್ಲೋನ್ ಮಾಡಲು, ಅಂದರೆ ಇದ್ದ ಹಾಗೇ ಇನ್ನೊಂದು ಡಿಸ್ಕಿಗೆ ನಕಲು ಮಾಡಲು ಹೋಗಿದ್ದೆ. ಎರಡೂ ಒಂದೇ ಕಂಪನಿಯವು, ಎರಡೂ 500 ಜಿಬಿ. ಎಡಗಡೆ ಯಾವುದು, ಬಲಗಡೆ ಯಾವುದು ಅಂತ ಒಂದು ಕ್ಷಣ ತಪ್ಪಿತು. ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ನೀಟಾಗಿ ಕ್ಲೋನ್ ಆಯಿತು. ತಂಗಿಯ ನಿಶ್ಚಿತಾರ್ಥದ ಫೋಟೋಗಳು ಇವತ್ತಿಗೂ ನಮ್ಮ ಮನೆಯಲ್ಲಿಲ್ಲ.

ಈಗ ಎರಡೂ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ಚೀಟಿಯಲ್ಲಿ ಬರೆದು, ಪರದೆಯ ಮೇಲಿನದಕ್ಕೆ ಹೋಲಿಸಿ, ಆಮೇಲೆ ಸ್ಟಾರ್ಟ್ ಒತ್ತುತ್ತೇನೆ. ಕ್ಲೋನ್ ಆದ ಮೇಲೆ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟು ಬೂಟ್ ಮಾಡಬೇಡಿ. ಎರಡರ ಗುರುತೂ ಒಂದೇ ಆದ್ದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ.

ಡಿಸ್ಕಿನಿಂದ ಟಕ್ ಟಕ್ ಸದ್ದು ಬರ್ತಿದೆ. ಬೇಗ ಕಾಪಿ ಮಾಡ್ಲಾ?

ಆಫ್ ಮಾಡಿ. ಡೇಟಾ ಓದುವ ಒಳಗಿನ ಹೆಡ್ ತಡಕಾಡುತ್ತಿರುವ ಸದ್ದು ಅದು. ತಿರುಗಿದಷ್ಟೂ ಹೊತ್ತು ಡೇಟಾ ಇರುವ ಒಳಗಿನ ತಟ್ಟೆ ಗೀರುವ ಸಾಧ್ಯತೆ ಇದೆ. ಫೈಲುಗಳು ನಿಜಕ್ಕೂ ಮುಖ್ಯವಾದರೆ ಡೇಟಾ ರಿಕವರಿ ಮಾಡುವವರಿಗೆ ನೇರ ಕೊಡಿ. ಫ್ರಿಡ್ಜಿನಲ್ಲಿಡುವುದು, ತಟ್ಟುವುದು, ಮನೆಯಲ್ಲೇ ಮುಚ್ಚಳ ತೆಗೆಯುವುದು ಬೇಡ.

ಸದ್ದಿಲ್ಲ, ಬರೀ ನಿಧಾನ ಅಂದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರುಗಳು, ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗಗಳು ಏರುತ್ತಿದ್ದರೆ ಮುಖ್ಯವಾದ ಫೋಲ್ಡರ್ ಮೊದಲು, ಸಿನಿಮಾಗಳು ಕೊನೆಗೆ. ಲಿನಕ್ಸ್ ಗೊತ್ತಿದ್ದವರು ಡಿಡಿರೆಸ್ಕ್ಯೂ ಬಳಸಿ ಮೊದಲು ಇಡೀ ಡಿಸ್ಕಿನ ಇಮೇಜ್ ತೆಗೆದು, ಇಮೇಜ್ ಮೇಲೆ ಕೆಲಸ ಮಾಡಲಿ.

ತಪ್ಪಿ ಡಿಲೀಟ್ ಆಯ್ತು. ರಿಕವರಿ ಸಾಫ್ಟ್‌ವೇರ್ ಹಾಕಿದ್ರೆ ಬರುತ್ತಾ?

ಹಾರ್ಡ್ ಡಿಸ್ಕ್ ಆದರೆ, ಮೇಲೆ ಏನೂ ಬರೆಯದಿದ್ದರೆ, ಬರುವ ಸಾಧ್ಯತೆ ಚೆನ್ನಾಗಿದೆ. ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬೇಡಿ. ತಿರುಗುವ ತಟ್ಟೆ ಇಲ್ಲದ, ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಆದರೆ ಕಷ್ಟ. ಅಳಿಸಿದ ಜಾಗವನ್ನು ಟ್ರಿಮ್ ಅನ್ನುವ ಆಜ್ಞೆ ಬೇಗನೆ ಗುಡಿಸಿಬಿಡುತ್ತದೆ.

ಎಲ್ಲ ಬಂದಾಯ್ತು. ಹಳೇ ಡಿಸ್ಕ್ ಗುಜರಿಗೆ ಕೊಡಲಾ?

ಮೂರು ತಿಂಗಳು ಬೀರುವಿನಲ್ಲಿಡಿ. ಯಾವುದೋ ಫೈಲ್ ಬಿಟ್ಟುಹೋಗಿರುವುದು ನೆನಪಾಗುವುದು ರಿಟರ್ನ್ ಸಲ್ಲಿಸುವ ದಿನವೇ. ಆಮೇಲೆ ಕೊಡುವಾಗ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದರಿಂದ ಫೈಲುಗಳನ್ನು ಯಾರು ಬೇಕಾದರೂ ಮೇಲೆತ್ತಬಹುದು. ಹಾರ್ಡ್ ಡಿಸ್ಕಿಗೆ ಕ್ವಿಕ್ ಅನ್ನುವ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಆಗ ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಎಸ್‌ಎಸ್‌ಡಿಗೆ ತಯಾರಕರ ಸಾಫ್ಟ್‌ವೇರಿನ ಸೆಕ್ಯೂರ್ ಇರೇಸ್. ಆನ್ ಆಗದೇ ಇರುವ ಹಾರ್ಡ್ ಡಿಸ್ಕ್ ಆದರೆ ಡ್ರಿಲ್ ಇರುವ ನೆರೆಮನೆಯವರನ್ನು ಕರೆಯಿರಿ. ತಟ್ಟೆಯ ಮೂಲಕ ಎರಡು ತೂತು ಹಾಕಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕನ್ನಡಕ ಹಾಕಿಕೊಂಡು ತೂತು ಕೊರೆಯಲಿ. ಕೆಲವು ಡಿಸ್ಕುಗಳ ತಟ್ಟೆ ಗಾಜಿನದು, ಚೂರು ಹಾರುತ್ತದೆ.